ರಟ್ಟಿನ ಮೇಲೆ ಇನ್ನೊಂದು ಕೈ

ಗಂಡ ಸತ್ತ ಸುದ್ದಿಯನ್ನು ಮನೆಗೆ ತಂದವನು ಕಟಿಂಗ್ ಅಂಗಡಿಯವನು. ಹೆಗಲ ಮೇಲೆ ಟವೆಲ್ಲು ಹಾಗೇ ಇತ್ತು, ಕೈಯಲ್ಲಿ ಬಾಚಣಿಗೆಯೂ ಇತ್ತು. ಒಂದೇ ಉಸಿರಿಗೆ ಓಡಿ ಬಂದಿದ್ದ. ಸರದಿಗೆ ಕಾಯುತ್ತ ಬೆಂಚಿನ ಮೇಲೆ ಪೇಪರು ಓದುತ್ತಿದ್ದ ಯಜಮಾನರು ತಲೆ ತಗ್ಗಿಸಿದರು, ಜೊಂಪು ಹತ್ತಿರಬೇಕು ಅಂದುಕೊಂಡೆವು, ಅಲುಗಿಸಿದರೆ ಏಳಲಿಲ್ಲ, ಅಷ್ಟೇ ಎಂದು ಹೇಳಿ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟ. ಅತ್ತೆ ಕೂತಲ್ಲೇ ಕಿರುಚಿದರು. ಕಿರಿಸೊಸೆ ಅವರನ್ನು ಹಿಡಿದುಕೊಳ್ಳಲು ಓಡಿದಳು. ಸತ್ತವನ ಹೆಂಡತಿ, ಆ ಮನೆಯ ಹಿರಿಸೊಸೆ, ಕೈಯಲ್ಲಿದ್ದ ಸೂಜಿಯ ತುದಿಯನ್ನು ಬಿರಡೆಗೆ ಚುಚ್ಚಿ ಭದ್ರ ಮಾಡಿ, ಎದ್ದು ನಿಂತು ಕೇಳಿದಳು:

"ಕಟಿಂಗ್ ಆಗಿತ್ತಾ?"

ಅಂಗಡಿಯವನು ಬಾಯಿ ಬಿಟ್ಟುಕೊಂಡು ನೋಡಿದ. "ಇಲ್ಲಮ್ಮ. ಇನ್ನೂ ಒಬ್ರು ಮುಂದಿದ್ರು."

ಆ ಪ್ರಶ್ನೆ ಎಲ್ಲಿಂದ ಬಂತೋ ಅವಳಿಗೇ ಗೊತ್ತಾಗಲಿಲ್ಲ. ಆದರೆ ಬೀದಿಯ ಬಾಯಿಗೆ ಬೀಗ ಹಾಕುವವರು ಯಾರು? ಉಪ್ಪುಖಾರ ಹಚ್ಚಿಸಿಕೊಂಡು ಆ ಮಾತು ಮನೆಮನೆ ತಿರುಗಿತು. ಗಂಡನ ಹೆಣ ಬರುವ ಮೊದಲು ಅವನ ತಲೆಕೂದಲಿನ ಲೆಕ್ಕ ಕೇಳಿದಳಂತೆ ಅಂದರು. ಕಲ್ಲು ಅಂದರು. ಹೆಣ ಬಂದಾಗಲೂ ಅವಳು ಅಳಲಿಲ್ಲ. ಬಂದವರಿಗೆ ಕುರ್ಚಿ ಹಾಕಿದಳು, ಹೋಗುವವರ ಚಪ್ಪಲಿ ಹುಡುಕಿಕೊಟ್ಟಳು. ಎಲ್ಲ ಮುಗಿದು ಮನೆಯಲ್ಲಿ ಮನೆಯವರೇ ಉಳಿದ ಮೇಲೆ ಮುಂದಿನ ಕೋಣೆಗೆ ಹೋಗಿ, ತನ್ನ ಮೇಜಿನ ಎದುರು ಕೂತು, ನಿಂತಿದ್ದ ಕೆಲಸವನ್ನು ನಿಂತಲ್ಲಿಂದ ಎತ್ತಿಕೊಂಡಳು.

ಆ ಮುಂದಿನ ಕೋಣೆಯೇ ಅವರ ಕಾರ್ಖಾನೆ. ಬೀದಿಗೆ ತೆರೆದ ಅಗಲವಾದ ಕಿಟಕಿ, ಕಿಟಕಿಯ ಬುಡದಲ್ಲಿ ದಪ್ಪ ದಿಂಬುಗಳು, ದಿಂಬಿನ ಎದುರು ಕೂತು ಕೈಯಿಂದ ಲೇಸು ಹೆಣೆಯುವ ಹೆಂಗಸರು. ಹೆಣೆಯುವುದಕ್ಕೆ ಮಗ್ಗವಿಲ್ಲ, ಕೊಕ್ಕೆಯಿಲ್ಲ. ಪ್ರತಿ ಎಳೆಯ ತುದಿಗೂ ಬೆರಳುದ್ದದ ಒಂದೊಂದು ಮರದ ಕಡ್ಡಿ ನೇತಾಡುತ್ತದೆ. ಆ ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಹೊರಳಿಸುತ್ತ, ಒಂದರ ಮೇಲೊಂದು ದಾಟಿಸುತ್ತ ಹೋದರೆ ಎಳೆಗಳು ಹೆಣೆದುಕೊಳ್ಳುತ್ತವೆ. ಹೆಣೆದದ್ದು ಬಿಚ್ಚಿಹೋಗದಂತೆ ಅಲ್ಲಲ್ಲಿ ಗುಂಡುಸೂಜಿ ನೆಡುತ್ತಾರೆ. ಗುಂಡುಸೂಜಿ ಎಲ್ಲಿ ನೆಡಬೇಕು ಎನ್ನುವುದನ್ನು ಹೇಳುವುದು ದಿಂಬಿನ ಮೇಲೆ ಹಾಸಿದ ಕಂದು ಬಣ್ಣದ ರಟ್ಟು. ರಟ್ಟಿನ ತುಂಬ ಸಾಲುಸಾಲು ತೂತು. ಆ ತೂತುಗಳೇ ನಕ್ಷೆ.

ಕಿಟಕಿಯ ಹತ್ತಿರ ನಿಂತು ನೋಡುವ ದಾರಿಹೋಕರಿಗೆ ಕಡ್ಡಿ ಆಡಿಸುವ ಕೈಗಳೇ ಕಾಣುತ್ತವೆ. ಲೇಸಿನಡಿಯ ರಟ್ಟು ಯಾರ ಕಣ್ಣಿಗೂ ಬೀಳುವುದಿಲ್ಲ. ಅದನ್ನು ತಯಾರಿಸುವವಳು ಹಿರಿಸೊಸೆ. ಮೊದಲು ಆ ಕೆಲಸ ಅತ್ತೆಯದಾಗಿತ್ತು. ಅವರ ಕೈ ನಡುಗಲು ಶುರುವಾದ ಮೇಲೆ ಸೂಜಿ ಸೊಸೆಯ ಕೈಗೆ ಬಂತು. ಬಂತು ಎಂದರೆ, ಅತ್ತೆ ಕೊಟ್ಟರು, ಆದರೆ ಬಿಟ್ಟುಕೊಡಲಿಲ್ಲ. ಸೊಸೆ ಚುಚ್ಚಿದ ಪ್ರತಿ ರಟ್ಟನ್ನೂ ಕಿಟಕಿಯ ಬೆಳಕಿಗೆ ಹಿಡಿದು, "ಹೂಂ, ನಡೆಯತ್ತೆ" ಎನ್ನುತ್ತಿದ್ದರು. ಇಷ್ಟು ವರ್ಷದಲ್ಲಿ ಒಂದು ಸಲವೂ ಚೆನ್ನಾಗಿದೆ ಎಂದವರಲ್ಲ. ಹಿರಿಸೊಸೆಯೂ ಎದುರಾಡಿದವಳಲ್ಲ, ಹಿತ್ತಿಲಿಗೆ ಹೋಗಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದಳು, ಅಷ್ಟೇ. ಇಬ್ಬರ ನಡುವೆ ಇದ್ದ ಗಂಡಸು, ಇತ್ತ ಮಗ ಅತ್ತ ಗಂಡ, ಊಟಕ್ಕೆ ಕೂತಾಗ ಏನಾದರೊಂದು ತಮಾಷೆ ಹೇಳಿ ಇಬ್ಬರನ್ನೂ ನಗಿಸಿಬಿಡುತ್ತಿದ್ದ. ಈಗ ಊಟದ ಹೊತ್ತಿನಲ್ಲಿ ಚಮಚದ ಸದ್ದು ಮಾತ್ರ ಕೇಳುತ್ತಿತ್ತು.

ಅತ್ತೆ ಅತ್ತು ಅತ್ತು ಹಾಸಿಗೆ ಹಿಡಿದರು, ಮತ್ತೆ ಎದ್ದರು. ಎದ್ದವರು ಹಿರಿಸೊಸೆಯ ಮುಖ ನೋಡಿ ಮಾತಾಡುವುದನ್ನು ಬಿಟ್ಟರು. ಹೇಳುವುದಿದ್ದರೆ ಗೋಡೆಗೋ ಕಿರಿಸೊಸೆಗೋ ಹೇಳುತ್ತಿದ್ದರು. ಹಿರಿಸೊಸೆಗೆ ಅದೂ ನಾಟಲಿಲ್ಲ. ಮೈಯೆಲ್ಲ ಜೋಮು ಹಿಡಿದಂತಿತ್ತು. ಕೈ ತನ್ನದೇ, ಕಾಲು ತನ್ನದೇ, ಆದರೆ ಚಿವುಟಿದರೆ ಬೇರೆ ಯಾರನ್ನೋ ಚಿವುಟಿದಂತೆ. ಬೆಳಿಗ್ಗೆ ಎದ್ದು ಗಂಡನ ಕಡೆಯ ಹಾಸಿಗೆಯನ್ನೂ ಮಡಿಸುತ್ತಿದ್ದಳು. ಯಾರೂ ಮಲಗದ ಹಾಸಿಗೆ ಎಂದು ಗೊತ್ತಿತ್ತು. ಮಡಿಸುವುದು ಕೆಲಸ, ಮಡಿಸಿದಳು.

ರಟ್ಟಿನ ಕೆಲಸವೂ ಹಾಗೇ ನಡೆಯಿತು. ಅದಕ್ಕೊಂದು ಕ್ರಮವಿದೆ, ಕ್ರಮ ಕೈಗೆ ಗೊತ್ತಿದೆ. ಮೊದಲು ಯಾವ ನೂಲು ಎಂದು ನೋಡಬೇಕು. ಅದನ್ನು ಅಳತೆಪಟ್ಟಿಗೆ ಒತ್ತೊತ್ತಾಗಿ ಸುತ್ತಿದರೆ ನೂಲಿನ ದಪ್ಪ ತಿಳಿಯುತ್ತದೆ. ದಪ್ಪಕ್ಕೆ ತಕ್ಕಂತೆ ಚುಕ್ಕಿಗಳ ನಡುವಿನ ಅಂತರ. ಆಮೇಲೆ ಚೌಕಳಿ ಕಾಗದದ ಮೇಲೆ ಚುಕ್ಕಿ ಇಟ್ಟು ಹೂವು, ಎಲೆ, ಬಲೆ ಎಲ್ಲ ಬರೆಯಬೇಕು. ಕಾಗದವನ್ನು ರಟ್ಟಿಗೆ ಬಿಗಿದು, ಅಡಿಯಲ್ಲಿ ಬಿರಡೆಯ ಹಲಗೆ ಇಟ್ಟು, ಮರದ ಹಿಡಿಗೆ ಸಿಕ್ಕಿಸಿದ ಸೂಜಿಯಿಂದ ಒಂದೊಂದೇ ಚುಕ್ಕಿಯನ್ನು ಚುಚ್ಚಬೇಕು. ಸೂಜಿ ನೆಟ್ಟಗೆ ಇಳಿಯಬೇಕು. ಓರೆಯಾದರೆ ಗುಂಡುಸೂಜಿಯೂ ಓರೆ ನಿಲ್ಲುತ್ತದೆ, ಲೇಸು ಸೊಟ್ಟ ಬಾಯಿ ಮಾಡುತ್ತದೆ. ಟಕ್, ಟಕ್, ಟಕ್. ಆ ಸದ್ದು ಇಡೀ ಮನೆಗೆ ಗಡಿಯಾರವಿದ್ದಂತೆ. ಮನೆಯಲ್ಲಿ ಹೆಣ ಇದ್ದಾಗಷ್ಟೇ ಅದು ನಿಂತಿತ್ತು.

"ಅಕ್ಕ, ಸ್ವಲ್ಪ ದಿನ ಬಿಟ್ಬಿಡು. ಏನೂ ಅವಸರ ಇಲ್ಲ," ಎಂದಿದ್ದಳು ಕಿರಿಸೊಸೆ. ಅವಳು ಮೈದುನನ ಹೆಂಡತಿ. ಆ ಮನೆಯಲ್ಲಿ ಅತಿ ಚೆನ್ನಾಗಿ ಕಡ್ಡಿ ಆಡಿಸುವ ಕೈ ಅವಳದು.

"ಬಿಟ್ಟು ಏನ್ ಮಾಡ್ಲಿ?" ಎಂದು ಹಿರಿಸೊಸೆ ಕೇಳಿದ್ದಳು. ಮುನಿಸಿನಿಂದಲ್ಲ. ನಿಜವಾಗಿಯೂ ಏನು ಮಾಡಬೇಕೆಂದು ಗೊತ್ತಿರಲಿಲ್ಲ.

ಹೀಗಿರುವಾಗ ದರ್ಜಿಯಮ್ಮ ಬಂದಳು. ಬಟ್ಟೆ ಅಂಗಡಿಗಳ ಬೀದಿಯಲ್ಲಿ ಹೊಲಿಗೆಯಂಗಡಿ ಇಟ್ಟವಳು, ಹಳೆಯ ಗಿರಾಕಿ. ಅವಳ ಕೈಚೀಲದಲ್ಲಿ ದೊಡ್ಡ ಬಿಳಿ ಮೇಜುಬಟ್ಟೆಯೊಂದಿತ್ತು. ಸುತ್ತಲೂ ಅಂಗೈಯಗಲದ ಲೇಸಿನ ಅಂಚು, ಹಳೆಯದು, ಬಲು ಚೆಂದದ್ದು. ಒಂದು ಮೂಲೆ ಮಾತ್ರ ಸುಟ್ಟು ಕಂದಾಗಿ, ಮುಟ್ಟಿದರೆ ಪುಡಿಯಾಗುವಂತಿತ್ತು.

"ನಮ್ಮ ಹುಡುಗಿ ಇಸ್ತ್ರಿಪೆಟ್ಟಿಗೆ ಇಟ್ಟು ಫೋನಲ್ಲಿ ಮಾತಾಡ್ತಾ ನಿಂತಿದ್ಲು," ಎಂದು ದರ್ಜಿಯಮ್ಮ ಹಣೆ ಚಚ್ಚಿಕೊಂಡಳು. "ಬಟ್ಟೆ ಯಾರದ್ದು ಅಂತ ಹೇಳಿದ್ರೆ ನಿಮಗೂ ಎದೆ ಒಡೆಯತ್ತೆ, ಅದಕ್ಕೇ ಹೇಳಲ್ಲ. ಮೂಲೆ ಒಂದು ಹೊಸದಾಗಿ ಮಾಡ್ಕೊಡಿ. ನೋಡಿದವರಿಗೆ ಗೊತ್ತಾಗಬಾರದು."

ಕಿರಿಸೊಸೆ ಹಿರಿಸೊಸೆಯತ್ತ ನೋಡಿದಳು. ನೇರ ಅಂಚಾದರೆ ಕಷ್ಟವಿಲ್ಲ. ಗೇಣುದ್ದ ನಕ್ಷೆ ಬರೆದುಕೊಂಡರೆ ಅದನ್ನೇ ಮತ್ತೆ ಮತ್ತೆ ಹೆಣೆಯಬಹುದು. ಮೂಲೆಯ ಕತೆಯೇ ಬೇರೆ. ಅಲ್ಲಿ ಇಡೀ ನಕ್ಷೆ ಬಗ್ಗಿ ತಿರುಗಬೇಕು, ಒಳಬದಿಯಲ್ಲಿ ಎಳೆಗಳು ಕಿಕ್ಕಿರಿಯಬಾರದು, ಹೊರಬದಿಯಲ್ಲಿ ಕೊರತೆ ಬೀಳಬಾರದು, ತಿರುಗಿದ್ದು ಕಣ್ಣಿಗೆ ಕುಕ್ಕಬಾರದು.

"ಆಗತ್ತೆ," ಎಂದಳು ಹಿರಿಸೊಸೆ.

ಅವಳು ಮೇಜುಬಟ್ಟೆಯ ಸುಡದ ಮೂಲೆಯನ್ನು ಕಪ್ಪು ಬಟ್ಟೆಯ ಮೇಲೆ ಹರಡಿ ಪಿನ್ನು ಹಾಕಿದಳು. ಭೂತಗನ್ನಡಿ ಹಿಡಿದು ಎಳೆ ಎಳೆ ನೋಡಿ ಚುಕ್ಕಿ ಇಟ್ಟಳು. ಹಳೆಯ ಲೇಸು ಒಗೆದು ಒಗೆದು ಜಗ್ಗಿಹೋಗಿರುತ್ತದೆ. ಇದ್ದಂತೆಯೇ ನಕಲು ಮಾಡಿದರೆ ಆ ಜಗ್ಗು ಹೊಸದರಲ್ಲೂ ಬರುತ್ತದೆ. ಹಾಗಾಗಿ ಮೊದಲು ಹೆಣೆದವಳು ಎಲ್ಲಿ ಸೂಜಿ ನೆಟ್ಟಿರಬಹುದು ಎಂದು ಊಹಿಸಿ ಸರಿಪಡಿಸಬೇಕು. ಚಿಕ್ಕ ಕನ್ನಡಿಯನ್ನು ಚೌಕಳಿ ಕಾಗದದ ಮೇಲೆ ಓರೆಯಾಗಿ ನಿಲ್ಲಿಸಿ, ಎಲ್ಲಿ ತಿರುಗಿಸಿದರೆ ಹೂವು ಎರಡೂ ಕಡೆ ಸಮನಾಗಿ ಅರಳುತ್ತದೆ ಎಂದು ಸರಿಸಿ ಸರಿಸಿ ನೋಡಬೇಕು. ಅವಳು ಎಲ್ಲವನ್ನೂ ಮಾಡಿದಳು. ಮಾಡುತ್ತಿರುವಾಗ ಮನಸ್ಸಿನಲ್ಲಿ ಏನಿತ್ತು ಎಂದು ಯಾರಾದರೂ ಕೇಳಿದ್ದರೆ, ಏನೂ ಇರಲಿಲ್ಲ ಎಂಬುದೇ ಸರಿಯಾದ ಉತ್ತರ. ರಟ್ಟು ಚುಚ್ಚಿ ಮುಗಿಸಿ ಕಿರಿಸೊಸೆಯ ಕೈಗಿಟ್ಟಳು.

ಕಿರಿಸೊಸೆ ಅದನ್ನು ನೋಡುತ್ತ ನಿಂತಳು. ನೋಡಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು.

"ಯಾಕೆ?"

"ಏನಿಲ್ಲಕ್ಕ. ಆಯ್ತು, ಶುರು ಮಾಡ್ತೀನಿ." ಆಮೇಲೆ, ಏನೋ ನೆನಪಾದವಳಂತೆ, "ಅಕ್ಕ, ಗುಂಡುಸೂಜಿ ಖಾಲಿಯಾಗಿದೆ. ಪೇಟೆಗೆ ಹೋಗಿ ತರ್ತೀಯಾ?"

ಹೀಗೆ ಅವಳನ್ನು ಪೇಟೆಗೆ ಓಡಿಸುವುದು ಈಚೆಗೆ ದಿನಚರಿಯೇ ಆಗಿತ್ತು. ಊಟ ಮುಗಿದ ಕೂಡಲೇ ಏನಾದರೊಂದು ಮುಗಿದುಹೋಗಿರುತ್ತಿತ್ತು. ಗುಂಡುಸೂಜಿ, ಇಲ್ಲವೇ ನೂಲು, ಇಲ್ಲವೇ ಅತ್ತೆಯ ಮೊಣಕಾಲಿಗೆ ಹಚ್ಚುವ ಮುಲಾಮು. ಅವಳು ಚೀಲ ಹಿಡಿದು ಹೊರಡುತ್ತಿದ್ದಳು, ಬಸ್‌ಸ್ಟಾಪು ದಾಟಿ, ಸೈಕಲ್ ರಿಪೇರಿಯವನನ್ನು ದಾಟಿ, ಹೋಗಿ ಬರುತ್ತಿದ್ದಳು. ಪೇಟೆಯ ಅಂಗಡಿಯವನು ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟ: "ಅಮ್ಮಾ, ನಿಮ್ಮನೇಲಿ ಗುಂಡುಸೂಜಿ ಊಟಕ್ಕೆ ಹಾಕ್ಕೋತೀರಾ ಹೇಗೆ?" ಅವಳು ಅದನ್ನು ಪ್ರಶ್ನೆಯೆಂದೇ ತಿಳಿದು, "ಇಲ್ಲ, ದಿಂಬಿಗೆ," ಎಂದು ಉತ್ತರ ಕೊಟ್ಟು ಬಂದಳು.

ಮನೆಯಲ್ಲಿ ಏನೋ ನಡೆಯುತ್ತಿದೆ ಎಂದು ಅವಳಿಗೆ ತಿಳಿಯದೆ ಇರಲಿಲ್ಲ. ಅವಳು ಕೋಣೆಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಒಂದು ಸಲ ಅತ್ತೆಯ ಕೋಣೆಗೆ ನೀರಿನ ಲೋಟ ಒಯ್ದಾಗ ಅವರು ಮಡಿಲಲ್ಲಿದ್ದ ಏನನ್ನೋ ಶಾಲಿನಡಿ ತಳ್ಳಿ, "ಬಾಗಿಲು ತಟ್ಟೋದು ಬೇಡವಾ?" ಎಂದು ಗೋಡೆಗೆ ಗದರಿದರು. ಇನ್ನೊಂದು ಸಲ ಅಡುಗೆಮನೆಯ ಹೊರಗೆ ನಿಂತಾಗ ಒಳಗಿನ ಮಾತು ಕಿವಿಗೆ ಬಿತ್ತು.

"ಅಕ್ಕನಿಗೆ ಗೊತ್ತಾದ್ರೆ ಏನ್ ಮಾಡೋದು?" ಎಂದು ಕಿರಿಸೊಸೆ ಕೇಳುತ್ತಿದ್ದಳು.

"ಗೊತ್ತಾಗೋಕೆ ಅವಳು ಇಲ್ಲಿದ್ದಾಳಾ?" ಎಂದರು ಅತ್ತೆ.

ಹಿರಿಸೊಸೆ ಅಲ್ಲಿಂದ ಸರಿದು ತನ್ನ ಕೋಣೆಗೆ ಬಂದು ಹಾಸಿಗೆಯ ತುದಿಯಲ್ಲಿ ಕೂತಳು. ತನ್ನನ್ನು ತವರಿಗೆ ಕಳಿಸುವ ಮಾತು ನಡೆಯುತ್ತಿದೆ ಎಂದು ಅವಳಿಗೆ ಅನ್ನಿಸಿತು. ಮಗನೇ ಇಲ್ಲದ ಮೇಲೆ ಈ ಕಲ್ಲು ಯಾಕೆ? ಮಕ್ಕಳೂ ಇರಲಿಲ್ಲ. ತವರೆಂದರೆ ಈಗ ಅಣ್ಣನ ಮನೆ. ಅಲ್ಲಿ ಅವಳಿಗೊಂದು ಮೂಲೆ ಕೊಟ್ಟಾರು, ಆ ಮೂಲೆಯಲ್ಲಿ ಈಗ ಹೊಲಿಗೆ ಮಿಷನ್ ಇದೆ, ಅದನ್ನು ಎಲ್ಲಿಡುತ್ತಾರೋ. ಇಷ್ಟೇ ಯೋಚಿಸಿದಳು. ಹೋಗು ಅಂದರೆ ಹೋದರಾಯಿತು. ಅಟ್ಟದ ಮೇಲಿಂದ ಪೆಟ್ಟಿಗೆ ಇಳಿಸಿ, ಧೂಳು ಒರೆಸಿ, ಬಟ್ಟೆಗಳನ್ನು ವಿಂಗಡಿಸಿದಳು. ಚಳಿಗಾಲದ್ದು ಒಂದು ಕಡೆ, ದಿನಬಳಕೆಯದು ಒಂದು ಕಡೆ. ಗಂಡನ ಎರಡು ಅಂಗಿಗಳು ಎಲ್ಲಿಗೆ ಸೇರಬೇಕೆಂದು ಗೊತ್ತಾಗದೆ ಅವನ್ನು ಹಾಗೇ ಮಂಚದ ಮೇಲೆ ಬಿಟ್ಟಳು.

ಮರುದಿನ ಮಧ್ಯಾಹ್ನ ಕಿರಿಸೊಸೆ ಅವಳನ್ನು ಬಿಳಿ ನೂಲಿಗೆ ಕಳಿಸಿದಳು. ಅಂಗಡಿಯ ಷಟರ್ ಅರ್ಧ ಇಳಿದಿತ್ತು. ಅಂಗಡಿಯವನ ಹಲ್ಲುನೋವಂತೆ, ಸಂಜೆ ಬನ್ನಿ ಎಂದು ಪಕ್ಕದವನು ಹೇಳಿದ. ಅವಳು ಬಂದ ದಾರಿಯಲ್ಲೇ ಮರಳಿದಳು.

ಮುಂದಿನ ಕೋಣೆಯಲ್ಲಿ ಗುಬ್ಬಿ ಒಬ್ಬಳೇ ಇದ್ದಳು. ಗುಬ್ಬಿ ಎಂದರೆ ಅವರಲ್ಲಿ ಲೇಸು ಹೆಣೆಯಲು ಬರುವ ಹೆಂಗಸು. ಮೈ ಗುಬ್ಬಿಯಷ್ಟು, ಬಾಯಿ ಗುಬ್ಬಿಯ ಗೂಡಿನಷ್ಟು. ಅವಳು ದಿಂಬಿನ ಎದುರು ತೂಕಡಿಸುತ್ತಿದ್ದಳು. ಹಿರಿಸೊಸೆ ಚಪ್ಪಲಿ ಬಿಟ್ಟು ಒಳಗೆ ಬಂದಾಗ ಒಂದು ಸದ್ದು ಕೇಳಿತು.

ಟಕ್.

ಬಹಳ ಹೊತ್ತಿನ ಮೇಲೆ ಇನ್ನೊಮ್ಮೆ. ಟಕ್.

ಸೂಜಿ ರಟ್ಟನ್ನು ದಾಟಿ ಬಿರಡೆಗೆ ಇಳಿಯುವ ಸದ್ದು. ಅತ್ತೆಯ ಕೋಣೆಯಿಂದ ಬರುತ್ತಿತ್ತು. ಹಿರಿಸೊಸೆ ತನ್ನ ಕೈಗಳನ್ನು ನೋಡಿಕೊಂಡಳು. ಎರಡೂ ಕೈ ಖಾಲಿಯಿದ್ದವು. ಆ ಸದ್ದು ಈ ಮನೆಯಲ್ಲಿ ತನ್ನ ಕೈಯಿಂದಲ್ಲದೆ ಬೇರೆ ಕೈಯಿಂದ ಬಂದು ವರ್ಷಗಳೇ ಆಗಿದ್ದವು.

ಅವಳು ಒಳಗೆ ಹೋಗಲಿಲ್ಲ. ಕಿರಿಸೊಸೆಯ ದಿಂಬಿನ ಹತ್ತಿರ ಹೋಗಿ, ಮುಚ್ಚಿದ್ದ ಬಟ್ಟೆ ಸರಿಸಿ, ಬಗ್ಗಿ ನೋಡಿದಳು. ಮೂಲೆಯ ಲೇಸು ಅರ್ಧಕ್ಕೆ ಬಂದು ನಿಂತಿತ್ತು. ಇನ್ನೂ ಹೆಣೆಯದ ಕಡೆ ರಟ್ಟು ಕಾಣುತ್ತಿತ್ತು. ಅದು ಅವಳು ಚುಚ್ಚಿದ ರಟ್ಟಲ್ಲ. ನಕ್ಷೆ ಅದೇ, ಆದರೆ ಪ್ರತಿ ತೂತಿನ ಪಕ್ಕದಲ್ಲೂ ಇರುವೆಯ ಕಾಲಿನಷ್ಟು ಸಣ್ಣ ಗೀರು. ಸೂಜಿ ಒಮ್ಮೆಗೇ ಇಳಿಯದೆ, ತಡಕಾಡಿ, ಜಾರಿ, ಆಮೇಲೆ ಜಾಗ ಹಿಡಿದ ಗುರುತು. ನಡುಗುವ ಕೈ.

"ಅಯ್ಯೋ, ನೀವು ಇಷ್ಟು ಬೇಗ ಬಂದ್ರಾ?" ಗುಬ್ಬಿ ಎಚ್ಚೆತ್ತು ಕಣ್ಣು ಉಜ್ಜಿಕೊಂಡಳು. ಹಿರಿಸೊಸೆಯ ಕೈಯಲ್ಲಿದ್ದ ಬಟ್ಟೆ ನೋಡಿ ಅವಳ ಮುಖ ಇಳಿಯಿತು.

"ನನ್ನ ರಟ್ಟು ಎಲ್ಲಿದೆ?"

ಗುಬ್ಬಿ ಸುಳ್ಳು ಹೇಳಲು ಬಾಯಿ ತೆರೆದಳು. ಯಾವುದು ಹೇಳಬೇಕೆಂದು ಹೊಳೆಯದೆ ಮುಚ್ಚಿದಳು. ಆಮೇಲೆ ಗಲ್ಲ ಎತ್ತಿ ಬೀರುವನ್ನು ತೋರಿಸಿದಳು. "ಕೆಳಗಿನ ಖಾನೆ. ಹಳೇ ಬಟ್ಟೆ ಹಿಂದೆ. ನಾನು ಹೇಳ್ದೆ ಅಂತ ಹೇಳ್ಬೇಡಿ."

ಹಳೆಯ ಬಟ್ಟೆಯ ಹಿಂದೆ ರಟ್ಟುಗಳ ಕಟ್ಟು ಇತ್ತು, ಟೇಪು ಸುತ್ತಿ ಇಟ್ಟದ್ದು. ಹಿರಿಸೊಸೆ ನೆಲದ ಮೇಲೆ ಕೂತು ಬಿಚ್ಚಿದಳು. ಎಲ್ಲವೂ ಅವಳವೇ. ಗಂಡ ಹೋದ ಮೇಲೆ ಅವಳು ಚುಚ್ಚಿದ ಒಂದೊಂದು ರಟ್ಟೂ ಅಲ್ಲಿತ್ತು. ಅವಳು ಅವನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದಳು.

ತೂತುಗಳು ಚೆನ್ನಾಗಿದ್ದವು. ನೆಟ್ಟಗೆ, ದುಂಡಗೆ, ಒಂದರಂತೆ ಒಂದು. ಆದರೆ ಅವು ಇರಬೇಕಾದ ಕಡೆ ಇರಲಿಲ್ಲ. ಒಂದು ರಟ್ಟಿನಲ್ಲಿ ಒಂದೇ ಸಾಲು ಎರಡು ಸಲ ಬಿದ್ದಿತ್ತು. ಇನ್ನೊಂದರಲ್ಲಿ ಎಲೆಯ ಒಂದು ಬದಿಯೇ ಇರಲಿಲ್ಲ. ದರ್ಜಿಯಮ್ಮನ ಮೂಲೆಯ ರಟ್ಟಿನಲ್ಲಿ ನಕ್ಷೆ ತಿರುಗಬೇಕಾದಲ್ಲಿ ತಿರುಗದೆ, ಎರಡು ಕಡೆಯಿಂದ ಬಂದ ಸಾಲುಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ಕಟ್ಟಿನ ತೀರ ಕೆಳಗಿದ್ದದ್ದು ಒಂದು ಕಾಲರಿನ ರಟ್ಟು. ಕಟಿಂಗ್ ಅಂಗಡಿಯವನು ಬಂದ ದಿನ ಅರ್ಧಕ್ಕೆ ನಿಂತು, ಆಮೇಲೆ ಅವಳು ಮುಗಿಸಿದ್ದು. ಅದರಲ್ಲಿ ಅಂಚಿನ ಸಾಲು ಕಾಲರಿನ ಆಕಾರಕ್ಕೆ ಬಾಗುವುದನ್ನು ಬಿಟ್ಟು ನೇರ ಹೊರಟಿತ್ತು. ಕಾಗದದ ಗೆರೆ ಮುಗಿದ ಮೇಲೂ, ನಕ್ಷೆ ಮುಗಿದ ಮೇಲೂ, ಸಮ ಅಂತರದಲ್ಲಿ, ಒಂದೂ ತಪ್ಪದೆ, ರಟ್ಟಿನ ತುದಿಯವರೆಗೆ ಹೋಗಿತ್ತು. ರಟ್ಟು ಮುಗಿದಿದ್ದರಿಂದ ನಿಂತಿತ್ತು.

ಅದನ್ನು ಚುಚ್ಚಿದ್ದು ಅವಳಿಗೆ ನೆನಪಿರಲಿಲ್ಲ. ನೆನಪಿಸಿಕೊಳ್ಳಲು ನೋಡಿದಳು. ಮೇಜು ನೆನಪಾಯಿತು, ಸೂಜಿಯ ಹಿಡಿ ನೆನಪಾಯಿತು. ಮುಂದೆ ಖಾಲಿ.

ರಟ್ಟುಗಳನ್ನು ಎತ್ತಿಕೊಂಡು ಅವಳು ಅತ್ತೆಯ ಕೋಣೆಯ ಬಾಗಿಲು ತಳ್ಳಿದಳು.

ಅತ್ತೆ ಕಿಟಕಿಯ ಬಳಿ ಸ್ಟೂಲಿನ ಮೇಲೆ ಕೂತಿದ್ದರು. ಮಂಚವೇ ಅವರ ಮೇಜಾಗಿತ್ತು. ಬಲಗೈಯಲ್ಲಿ ಸೂಜಿ, ಆ ಕೈ ನಡುಗದಂತೆ ಮಣಿಕಟ್ಟನ್ನು ಎಡಗೈಯಿಂದ ಬಿಗಿಯಾಗಿ ಅದುಮಿ ಹಿಡಿದಿದ್ದರು. ಪಕ್ಕದಲ್ಲಿ ಕಿರಿಸೊಸೆ ಮಂಡಿಯೂರಿ ರಟ್ಟು ಸರಿಯದಂತೆ ಹಿಡಿದಿದ್ದಳು. ಇಬ್ಬರೂ ತಲೆಯೆತ್ತಿದರು. ಈ ಸಲ ಮುಚ್ಚಿಡಲು ಶಾಲು ಕೈಗೆ ಸಿಗಲಿಲ್ಲ.

"ಅಂಗಡಿ ಬಾಗಿಲು ಹಾಕಿತ್ತು," ಎಂದಳು ಹಿರಿಸೊಸೆ.

"ಅಕ್ಕ..." ಎಂದು ಕಿರಿಸೊಸೆ ಎದ್ದಳು.

"ಯಾವಾಗಿಂದ?"

ಕಿರಿಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ಸೂಜಿಯನ್ನು ಮಂಚದ ಮೇಲಿಟ್ಟರು. ಅವರ ತೋರುಬೆರಳ ತುದಿ ಸುಲಿದು ಕೆಂಪಾಗಿತ್ತು.

"ಮೊದಲ್ನೇದರಿಂದ," ಎಂದರು. ತಿಂಗಳುಗಳ ಮೇಲೆ ಮೊದಲ ಸಲ ಸೊಸೆಯ ಮುಖ ನೋಡಿ ಆಡಿದ ಮಾತು ಅದು. "ಆ ಕಾಲರಿಂದ."

"ಯಾಕೆ ಹೇಳ್ಲಿಲ್ಲ?"

"ಏನಂತ ಹೇಳೋದು? ನಿನ್ನ ಕೈ ಕೆಟ್ಟಿದೆ, ಏಳು ಅಂತಾನಾ? ಎದ್ದು ಎಲ್ಲಿ ಕೂತ್ಕೋತಿದ್ದೆ?"

ಹಿರಿಸೊಸೆ ಕೈಯಲ್ಲಿದ್ದ ರಟ್ಟುಗಳನ್ನು ಮಂಚದ ಮೇಲಿಟ್ಟಳು.

"ನನಗೆ ನಿನ್ನ ಮೇಲೆ ಕೆಂಡದಂಥ ಸಿಟ್ಟಿತ್ತು ಕಣೇ," ಎಂದರು ಅತ್ತೆ. "ನನ್ನ ಮಗ ಹೋದ. ನೀನು ಒಂದು ಹನಿ ಕಣ್ಣೀರು ಹಾಕ್ಲಿಲ್ಲ. ಇದು ಹೆಂಗಸಾ ಏನಿದು ಅಂತ ಅನ್ಕೊಂಡೆ. ಅವನ ಕಟಿಂಗ್ ವಿಚಾರ ಕೇಳಿದ್ಯಲ್ಲ, ಆಗ ನಿನ್ನ ಕೆನ್ನೆಗೆ ಬಾರಿಸ್ಬೇಕು ಅನ್ನಿಸಿತ್ತು. ಆಮೇಲೆ ಇವಳು ಆ ರಟ್ಟು ತಂದು ತೋರಿಸಿದ್ಲು. ಸಾಲು ಹೋಗ್ತಾನೇ ಇದೆ, ಹೋಗ್ತಾನೇ ಇದೆ..." ಅತ್ತೆ ಬೆರಳಿನಿಂದ ಗಾಳಿಯಲ್ಲಿ ಒಂದು ಗೆರೆ ಎಳೆದರು. "ನಿನಗೂ ಪೆಟ್ಟು ಬಿದ್ದಿದೆ ಅಂತ ಗೊತ್ತಾಯ್ತು. ಅಷ್ಟೇ."

"ನನ್ನನ್ನ ತವರಿಗೆ ಕಳಿಸ್ತೀರಿ ಅನ್ಕೊಂಡೆ. ಪೆಟ್ಟಿಗೆ ಇಳಿಸಿದೀನಿ."

"ಅಯ್ಯೋ ಅಕ್ಕ!" ಎಂದಳು ಕಿರಿಸೊಸೆ.

"ಮತ್ತೆ ಮೇಲಿಡು ಹೋಗು," ಎಂದರು ಅತ್ತೆ. "ತವರಂತೆ. ಅಲ್ಲಿ ಯಾರಿಗೆ ಬೇಕಾಗಿದೀಯ?"

ಮಾತು ಒರಟಾಗಿತ್ತು. ಅತ್ತೆಗೆ ಬೇರೆ ಥರ ಮಾತು ಬರುತ್ತಿರಲಿಲ್ಲ. ಹಿರಿಸೊಸೆಗೆ ನಾಚಿಕೆಯಾಗಬೇಕಿತ್ತು, ಇಲ್ಲವೇ ಸಿಟ್ಟು, ಇಲ್ಲವೇ ಈಗಲಾದರೂ ಅಳು. ಅವಳು ಕಾದಳು. ಏನೂ ಬರಲಿಲ್ಲ. ಕಾಲು ನೋಯುತ್ತಿದೆ ಎಂದು ಮಾತ್ರ ಗೊತ್ತಾಯಿತು. ಬಿಸಿಲಿನಲ್ಲಿ ಪೇಟೆಗೆ ಹೋಗಿ ಬಂದ ಕಾಲು. ಮಂಚದ ತುದಿಯಲ್ಲಿ ಕೂತು ಅತ್ತೆಯ ಎದುರಿನ ರಟ್ಟನ್ನು ಎಳೆದುಕೊಂಡಳು.

"ಇದೇನು, ಇನ್ನೊಂದು ಮೂಲೆ?"

"ಅದೇ ಮೂಲೆ," ಎಂದು ಕಿರಿಸೊಸೆ ತಪ್ಪೊಪ್ಪಿಕೊಳ್ಳುವವಳಂತೆ ಹೇಳಿದಳು. "ಮೊದಲನೇದು ನಿನ್ನದು ತಿರುಗ್ಲಿಲ್ಲ. ಎರಡನೇದು ಅತ್ತೆ ಮಾಡಿದ್ದು, ದಿಂಬಿನ ಮೇಲಿದೆ. ಅರ್ಧ ಬಂದ ಮೇಲೆ ನೋಡಿದ್ರೆ ಒಳಬದಿಯಲ್ಲಿ ಎಳೆ ಎಲ್ಲ ಗುಡ್ಡೆ ಆಗ್ತಿದೆ. ಇದು ಮೂರನೇದು. ದರ್ಜಿಯಮ್ಮ ಆಗ್ಲೇ ಎರಡು ಸಲ ಬಂದು ಹೋದ್ಲು."

"ನನ್ನ ಕಾಲದಲ್ಲಿ ಇಂಥ ಮೂಲೆ ಕಣ್ಮುಚ್ಚಿ ಮಾಡ್ತಿದ್ದೆ," ಎಂದು ಅತ್ತೆ ಗೊಣಗಿದರು.

"ಕಣ್ಮುಚ್ಚಿ ಮಾಡಿದ ಹಾಗೇ ಇದೆ," ಎಂದಳು ಕಿರಿಸೊಸೆ. ಅಂದುಬಿಟ್ಟ ಮೇಲೆ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಅತ್ತೆ ಅವಳನ್ನು ದುರುಗುಟ್ಟಿ ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕಿತು. ಸದ್ದಿಲ್ಲದ ನಗೆ, ಆ ಮನೆಯಲ್ಲಿ ಎಷ್ಟೋ ಕಾಲದ ಮೇಲೆ ಬಂದದ್ದು. ಹಿರಿಸೊಸೆ ಅದನ್ನು ಕಿಟಕಿಯಾಚೆಯ ಬೀದಿಯನ್ನು ನೋಡುವಂತೆ ನೋಡಿದಳು.

ಅವರು ಮೂವರೂ ಮುಂದಿನ ಕೋಣೆಗೆ ಬಂದರು. ಹೊಸ ರಟ್ಟು ಹಾಸಿದರು. ಅತ್ತೆ ಹೇಳುವುದು, ಹಿರಿಸೊಸೆ ಚುಚ್ಚುವುದು ಎಂದಾಯಿತು, ಅತ್ತೆಯ ಕಣ್ಣು ನೆಟ್ಟಗಿತ್ತು, ಕೈ ನೆಟ್ಟಗಿರಲಿಲ್ಲ, ಸೊಸೆಯದು ತಿರುಗಾಮುರುಗಾ. ಕನ್ನಡಿಯನ್ನು ಕಿರಿಸೊಸೆ ಹಿಡಿದಳು. ಅತ್ತೆ ಒಂದು ಬೆಂಕಿಕಡ್ಡಿಯ ಹಿಂಬದಿಯಿಂದ ಚುಕ್ಕಿ ತೋರಿಸುತ್ತಿದ್ದರು.

"ಇಲ್ಲಿ."

ಟಕ್.

"ಇಲ್ಲಿ. ತಡಿ, ಈ ಕಡೆಯ ಜೋಡಿ ಎಲ್ಲಿಂದ ಬರತ್ತೆ? ಹಾಂ. ಇಲ್ಲಿ."

ಟಕ್.

ತಿರುವಿನ ಹತ್ತಿರ ಬಂದಾಗ ಹಿರಿಸೊಸೆಯ ಕೈ ತನ್ನ ಪಾಡಿಗೆ ಮುಂದಕ್ಕೆ ಹೊರಟಿತು, ನೇರಕ್ಕೆ. ಅತ್ತೆ ಬೆಂಕಿಕಡ್ಡಿಯಿಂದ ಅವಳ ಬೆರಳಿನ ಮೇಲೆ ಹೊಡೆದರು. "ಎಲ್ಲಿಗೆ ಹೊರಟೆ? ತಿರುಗು."

ಅವಳು ತಿರುಗಿದಳು. ಸ್ವಲ್ಪ ಹೊತ್ತಿನಲ್ಲಿ ಅತ್ತೆಗೆ ಹಳೆಯ ಹುರುಪು ಬಂತು. ಇಲ್ಲಿ, ಇಲ್ಲಿ, ಅಲ್ಲಲ್ಲ ಇಲ್ಲಿ, ನೆಟ್ಟಗೆ, ಇಷ್ಟು ಒತ್ತಬೇಡ, ಬಿರಡೆ ಹಾಳಾಗತ್ತೆ, ನಾನು ಹೇಳಿದ ಮೇಲೆ ಚುಚ್ಚು, ಯಾಕೆ ನಿಲ್ಲಿಸಿದೆ, ಚುಚ್ಚು.

"ಗೊತ್ತು ಅತ್ತೆ! ಸ್ವಲ್ಪ ಬಾಯಿ ಮುಚ್ಚಿ!"

ಗುಬ್ಬಿಯ ಕೈಯಿಂದ ಕಡ್ಡಿಗಳು ಜಾರಿದವು. ಆ ಮನೆಗೆ ಬಂದ ಲಾಗಾಯ್ತು ಹಿರಿಸೊಸೆ ಅತ್ತೆಗೆ ಅಂಥ ಮಾತು ಆಡಿದವಳಲ್ಲ. ಅವಳಿಗೇ ಆಶ್ಚರ್ಯವಾಯಿತು. ಎದೆಯಲ್ಲಿ ಏನೋ ಚುರ್ ಎಂದು, ಕಿವಿ ಬಿಸಿಯಾಗಿ, ಆರಿಹೋಯಿತು.

ಅತ್ತೆ ಬಾಯಿ ಮುಚ್ಚಿದರು. ಆಮೇಲೆ ಬೆಂಕಿಕಡ್ಡಿಯಿಂದ ಮುಂದಿನ ಚುಕ್ಕಿಯನ್ನು ಮೆಲ್ಲಗೆ ತೋರಿಸಿದರು.

ಆ ರಟ್ಟಿನ ಮೇಲೆ ಮೂಲೆ ತಿರುಗಿತು. ಕಿರಿಸೊಸೆ ಅರ್ಧಕ್ಕೆ ನಿಂತಿದ್ದನ್ನು ಕತ್ತರಿಸಿ ಎಸೆದು ಮೊದಲಿಂದ ಹೆಣೆದಳು. ಸುಟ್ಟ ಮೂಲೆ ತೆಗೆದು ಹೊಸದನ್ನು ಜೋಡಿಸಿದ ಮೇಲೆ ದರ್ಜಿಯಮ್ಮ ಬಟ್ಟೆಯನ್ನು ನಾಲ್ಕೂ ಕಡೆ ತಿರುಗಿಸಿ ನೋಡಿ, ಸುಟ್ಟಿದ್ದು ಯಾವುದೆಂದು ತಪ್ಪು ಮೂಲೆ ತೋರಿಸಿದಳು. ಗುಬ್ಬಿ ಚಪ್ಪಾಳೆ ತಟ್ಟಿದಳು. ಹಿರಿಸೊಸೆಗೆ ಸಂತೋಷವಾಗಬೇಕಾದ ಜಾಗದಲ್ಲಿ ಏನೂ ಆಗಲಿಲ್ಲ. ಆದರೆ ಆಗಬೇಕಿತ್ತು ಎಂದು ಅನ್ನಿಸಿತು.

ಆಮೇಲಿನ ಕೆಲಸವೆಲ್ಲ ಆ ರೀತಿಯಲ್ಲೇ ನಡೆಯಿತು. ಹಿರಿಸೊಸೆ ಚುಚ್ಚುತ್ತಾಳೆ, ಅತ್ತೆ ಪಕ್ಕದಲ್ಲಿ ಕೂತು ಕಾಯುತ್ತಾರೆ. ಚುಚ್ಚಿದ್ದನ್ನು ಕಿರಿಸೊಸೆ ಎಲ್ಲರೆದುರೇ ಬೆಳಕಿಗೆ ಹಿಡಿದು, ತಪ್ಪಿದ್ದರೆ "ಅಕ್ಕ, ಇಲ್ಲಿ" ಎಂದು ಬಾಯಿಬಿಟ್ಟು ಹೇಳುತ್ತಾಳೆ. ಕೆಲವು ದಿನ ತಪ್ಪು ಇರುವುದಿಲ್ಲ. ಕೆಲವು ದಿನ ರಟ್ಟಿಗೆ ರಟ್ಟೇ ಹಾಳು. ಅಳು ಬಂದಿಲ್ಲ. ಯಾರೂ ಈಗ ಅದನ್ನು ಕಾಯುತ್ತಿಲ್ಲ.

ಮೊನ್ನೆ ದರ್ಜಿಯಮ್ಮ ಹೊಸ ಕೆಲಸ ತಂದಳು, ಹಾಡುಗಾರ್ತಿಯೊಬ್ಬಳ ರವಿಕೆಯ ತೋಳಿಗೆ ಅಗಲ ಅಂಚು. "ಬೇಗ ಬೇಕು," ಎಂದಳು.

"ಬೇಗ ಆಗಲ್ಲ," ಎಂದಳು ಹಿರಿಸೊಸೆ. "ನನಗೆ ನಡುವೆ ಕೈ ತಪ್ಪತ್ತೆ. ಅತ್ತೆ ಜೊತೇಲಿ ಕೂತ್ಕೋಬೇಕು. ಅವರಿಗೆ ಮಧ್ಯಾಹ್ನ ನಿದ್ದೆ ಬೇಕು."

"ನನಗೆ ಯಾವ ನಿದ್ದೆನೂ ಬೇಡ," ಎಂದರು ಅತ್ತೆ ಒಳಗಿನಿಂದ.

ದರ್ಜಿಯಮ್ಮ ಹೋದ ಮೇಲೆ ಹಿರಿಸೊಸೆ ನೂಲಿನ ಡಬ್ಬಿ ತೆರೆದು, ಸಣ್ಣದೊಂದನ್ನು ಆರಿಸಿ ಅಳತೆಪಟ್ಟಿಗೆ ಸುತ್ತತೊಡಗಿದಳು. ಅತ್ತೆ ಬಂದು ಪಕ್ಕದಲ್ಲಿ ಕೂತು, ಬಗ್ಗಿ ನೋಡಿ ಮೂಗು ಮುರಿದರು.

"ಇಷ್ಟು ಸಣ್ಣ ನೂಲಾ? ತೋಳಿಗೆ ನಿಲ್ಲತ್ತಾ ಅದು? ಜೋತುಬೀಳತ್ತೆ."

"ಜೋತುಬೀಳಲಿ ಅಂತಾನೇ. ಹಾಡುವಾಗ ಕೈ ಎತ್ತಿದ್ರೆ ಅಲ್ಲಾಡ್ಬೇಕು."

"ಅಲ್ಲಾಡೋದು ಬಿಡು, ಒಂದು ಸಲ ಒಗೆದ್ರೆ ಹಗ್ಗ ಆಗತ್ತೆ. ಅದರ ಪಕ್ಕದ್ದು ತಗೋ."

"ಆಗಲ್ಲ ಅತ್ತೆ."

"ಆಗತ್ತೆ."

ಹಿರಿಸೊಸೆ ಸುತ್ತುವುದನ್ನು ನಿಲ್ಲಿಸಲಿಲ್ಲ. ಅತ್ತೆ ಡಬ್ಬಿಗೆ ಕೈ ಹಾಕಿ ಪಕ್ಕದ ನೂಲನ್ನು ತಾವೇ ತೆಗೆದು, ನಡುಗುವ ಬೆರಳುಗಳಿಂದ ಅದೇ ಅಳತೆಪಟ್ಟಿಯ ಇನ್ನೊಂದು ತುದಿಗೆ ಸುತ್ತಲು ಶುರುಮಾಡಿದರು.